160 ಎಂಎಂ ಪೈಪ್ ಎಳೆದರೂ ಹೊಟ್ಟು ಪೈಪಿನಲ್ಲೇ ಕೂರುತ್ತಿದೆ, ಏನು ಮಾಡಲಿ?

ಕಲಬುರಗಿ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 12 ಅಡಿಗೆ 20 ಅಡಿ ಪತ್ರಾಸ್ ಶೆಡ್ ಇದೆ. ರಜೆ ದಿನ ಅಲ್ಲೇ ಕಟ್ಟಿಗೆ ಕೆಲಸ ಮಾಡುತ್ತೇನೆ. ಟೇಬಲ್ ಗರಗಸ, ಹಲಗೆ ನಯ ಮಾಡುವ ರಂಧಾ ಮಶೀನ್, ಕಟ್ಟಿಗೆಯ ಅಂಚು ಕೊರೆಯುವ ರೂಟರ್ ಟೇಬಲ್ ಇವೆ. ಮೂಲೆಯಲ್ಲಿ 2 ಎಚ್‌ಪಿ ಡಸ್ಟ್ ಕಲೆಕ್ಟರ್, ಅಂದರೆ ಫ್ಯಾನಿನಿಂದ ಹೊಟ್ಟನ್ನು ಎಳೆದು ಚೀಲಕ್ಕೆ ತುಂಬುವ ಮಶೀನ್. ಮೊದಲು ಒಂದೇ ಹೋಸನ್ನು ಮಶೀನಿಂದ ಮಶೀನಿಗೆ ಬಿಚ್ಚಿ ಹಾಕುತ್ತಿದ್ದೆ. ಅದು ಸಾಕಾಗಿ ಯುಗಾದಿ ರಜೆಯಲ್ಲಿ ಗೋಡೆಗುಂಟ 18 ಅಡಿ ಪಿವಿಸಿ ಲೈನ್ ಎಳೆದೆ. ಪೈಪ್ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಕೇಳಿದ್ದೆ. ಅದಕ್ಕೇ ಹೊಲಕ್ಕೆ ಹಾಕುವ 160 ಎಂಎಂ ಪೈಪ್ ತಂದೆ. ಗರಗಸಕ್ಕೂ ರಂಧಾ ಮಶೀನಿಗೂ 110ರ ಕವಲು, ರೂಟರ್‌ಗೆ 75ರ ಕವಲು. ಪ್ರತಿ ಕವಲಿಗೂ ಪ್ಲೈವುಡ್‌ನಲ್ಲಿ ಮಾಡಿದ ಗೇಟ್. ಒಂದು ಸಲಕ್ಕೆ ಒಂದೇ ಗೇಟ್ ತೆರೆಯುತ್ತೇನೆ.

ಮೊದಲ ವಾರ ಚೆನ್ನಾಗಿತ್ತು. ಈಗ ಗರಗಸದ ಕೆಳಗೆ ಹೊಟ್ಟು ಗುಡ್ಡೆ ಬೀಳುತ್ತಿದೆ. ನಿನ್ನೆ ಲೈನಿನ ಕೊನೆ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ತಳದಲ್ಲಿ ನಾಲ್ಕು ಬೆರಳು ದಪ್ಪ ಹೊಟ್ಟು. ಅದರ ಮೇಲೆ ಗಾಳಿ ಹರಿದ ಗೆರೆಗಳು, ಹಳ್ಳದ ಮರಳಿನ ಮೇಲೆ ಇರುತ್ತವಲ್ಲ, ಹಾಗೆ. ಜಾಯಿಂಟ್‌ಗಳಲ್ಲಿ ಸೋರುತ್ತಿದೆಯೇನೋ, ಊದಿನಕಡ್ಡಿ ಹಚ್ಚಿ ನೋಡೋಣ ಅಂತಿದ್ದೇನೆ. ಮಗಳಿಗೆ ಧೂಳು ಆಗಿಬರುವುದಿಲ್ಲ, ಬೇಗ ಸರಿ ಮಾಡಬೇಕು. ದಾರಿ ಹೇಳಿ.

ಯಾದಗಿರಿ ಮಿಸ್ತ್ರಿ:

ಊದಿನಕಡ್ಡಿ ಬೇಡ್ರೀ ಸರ್, ದಯವಿಟ್ಟು. ಒಂದು ಕಿಡಿ ಒಳಗೆ ಎಳೆದುಕೊಂಡರೆ ನೇರ ಚೀಲಕ್ಕೆ ಹೋಗುತ್ತದೆ. ಅಲ್ಲಿ ಒಣ ಹೊಟ್ಟು ತುಂಬಿರುತ್ತದೆ. ಕಿಡಿ ಒಳಗೊಳಗೇ ಹೊಗೆಯಾಡುತ್ತಾ ಕೂತು, ನೀವು ಮಲಗಿದ ಮೇಲೆ ಹೊತ್ತಿಕೊಳ್ಳಬಹುದು. ಅದರ ಬದಲು ಹತ್ತಿಯ ಎಳೆಯೊಂದನ್ನು ಕಡ್ಡಿಗೆ ಕಟ್ಟಿ ಜಾಯಿಂಟ್ ಹತ್ತಿರ ಹಿಡಿಯಿರಿ. ಸೋರುವ ಕಡೆ ಎಳೆ ಪೈಪಿನತ್ತ ವಾಲುತ್ತದೆ.

ಎರಡು ಮಾತು ಕೇಳಬೇಕು. ಕವಲಿಗೆ ನೇರ ಅಡ್ಡ ಸೇರುವ ಟೀ ಹಾಕಿದ್ದೀರಾ, ಓರೆಯಾಗಿ ಸೇರುವ ವೈ ಹಾಕಿದ್ದೀರಾ? ಮೋಟಾರ್ ತ್ರೀ ಫೇಸಾ? ತ್ರೀ ಫೇಸ್‌ನಲ್ಲಿ ಎರಡು ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಆಗಲೂ ಗಾಳಿ ಎಳೆಯುತ್ತದೆ, ಆದರೆ ಬಲ ಇರುವುದಿಲ್ಲ. ಒಮ್ಮೆ ಹೀಗಾಗಿ ನಾನು ಎರಡು ದಿನ ಸುಮ್ನೆ ಪೈಪ್ ಬಿಚ್ಚುತ್ತಾ ಕೂತಿದ್ದೆ.

ಕಲಬುರಗಿ ಹವ್ಯಾಸಿ:

ಒಳ್ಳೆಯದಾಯಿತು ಹೇಳಿದ್ದು, ಊದಿನಕಡ್ಡಿ ಹಚ್ಚುವುದಿಲ್ಲ. ಮೋಟಾರ್ ಸಿಂಗಲ್ ಫೇಸ್. ಬಾಣದ ಗುರುತಿನ ದಿಕ್ಕಿಗೇ ತಿರುಗುತ್ತಿದೆ. ಗರಗಸಕ್ಕೂ ರೂಟರ್‌ಗೂ 45 ಡಿಗ್ರಿ ವೈ ಇದೆ. ರಂಧಾ ಮಶೀನಿಗೆ ಮಾತ್ರ ಟೀ. ಆ ದಿನ ಅಂಗಡಿಯಲ್ಲಿ ಇನ್ನೊಂದು ವೈ ಸಿಗಲಿಲ್ಲ.

ಬೀದರ್ ಫಿಟ್ಟರ್:

ಸೋರಿಕೆ ಆಮೇಲೆ ನೋಡೋಣ. ನಿಮ್ಮ 160ರ ಪೈಪಿಗೆ ಸಾಕಷ್ಟು ಗಾಳಿಯೇ ಸಿಗುತ್ತಿಲ್ಲ. ತೊಂದರೆ ಅಲ್ಲಿದೆ.

ಅಡ್ಡ ಪೈಪಿನಲ್ಲಿ ಹೊಟ್ಟು ಕೂರದೆ ಹೋಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 18ರಿಂದ 20 ಮೀಟರ್ ವೇಗದಲ್ಲಿ ಓಡಬೇಕು. ಈಗ ಲೆಕ್ಕ ನೋಡಿ. 110ರ ಪೈಪಿನ ಒಳ ಅಳತೆ ಸುಮಾರು 104 ಎಂಎಂ, 160ರದ್ದು ಸುಮಾರು 152. ಬಾಯಿಯ ವಿಸ್ತಾರ ತೆಗೆದರೆ ದೊಡ್ಡದು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಗರಗಸದ ಕವಲಿನಲ್ಲಿ 20 ಮೀಟರ್ ವೇಗ ಇದೆ ಅಂದುಕೊಳ್ಳಿ. ಅದೇ ಗಾಳಿ ದೊಡ್ಡ ಪೈಪಿಗೆ ಬಂದ ಕೂಡಲೇ 9 ಮೀಟರಿಗೆ ಇಳಿಯುತ್ತದೆ. ರೂಟರ್‌ನ 75ರ ಕವಲಾದರೆ 4 ಮೀಟರ್ ಚಿಲ್ಲರೆ. ಹಳ್ಳದಲ್ಲಿ ರಭಸವಾಗಿ ಬಂದ ನೀರು ಕೆರೆ ಸೇರಿದ ಕೂಡಲೇ ಹೂಳು ಬಿಡುತ್ತದಲ್ವಾ, ನಿಮ್ಮ ಪೈಪಿನಲ್ಲಿ ಆಗುತ್ತಿರುವುದು ಅದೇ.

ಹಾಗಂತ ದೊಡ್ಡ ಪೈಪ್ ಕಿತ್ತು ಹಾಕಬೇಡಿ. ಅದಕ್ಕೆ ತಕ್ಕ ಗಾಳಿ ಕೊಡಿ. 20 ಮೀಟರ್ ವೇಗದಲ್ಲಿ ಎರಡು 110ರ ಬಾಯಿ ಒಟ್ಟಿಗೆ ಎಳೆದರೆ 160ರಲ್ಲಿ 18 ಮೀಟರ್ ದಾಟುತ್ತದೆ. ಲೈನಿನ ಕೊನೆ ಮುಚ್ಚಳ ತೆಗೆದು ಅಲ್ಲೊಂದು 110ರ ಗೇಟ್ ಕೂರಿಸಿ. ಗರಗಸ ಓಡಿಸುವಾಗ ಅದನ್ನೂ ತೆರೆದಿಡಿ. ಕೊನೆಯಲ್ಲೇ ಇರಬೇಕು. ಕಲೆಕ್ಟರ್ ಹತ್ತಿರ ಇಟ್ಟರೆ ಅದಕ್ಕಿಂತ ಹಿಂದಿನ ಪೈಪಿಗೆ ಏನೂ ಉಪಯೋಗವಿಲ್ಲ.

ರೂಟರ್ ಕವಲನ್ನು ಈ ಲೈನಿಂದ ತೆಗೆದುಬಿಡಿ. ಡಸ್ಟ್ ಕಲೆಕ್ಟರ್ ತುಂಬಾ ಗಾಳಿ ಎಳೆಯುತ್ತದೆ, ಆದರೆ ಬಾಯಿ ಸಣ್ಣದಾದರೆ ಅದಕ್ಕೆ ಉಸಿರು ಕಟ್ಟುತ್ತದೆ. ವ್ಯಾಕ್ಯೂಮ್ ಕ್ಲೀನರ್ ಹಾಗಲ್ಲ. ಗಾಳಿ ಕಡಿಮೆ, ಎಳೆಯುವ ಬಲ ಜಾಸ್ತಿ. ರೂಟರ್‌ಗೆ ಅದೇ ಸರಿ. ಟೀ ಇರುವಲ್ಲಿ ವೈ ಹಾಕಿ, ಕವಲಿನ ಗಾಳಿ ಕಲೆಕ್ಟರ್ ಕಡೆಗೇ ಓರೆಯಾಗಿ ಸೇರುವ ಹಾಗೆ. 90 ಡಿಗ್ರಿ ತಿರುವಿನ ಎಲ್ಬೋ ಇದ್ದಲ್ಲಿ 45 ಡಿಗ್ರಿಯವು ಎರಡು, ನಡುವೆ ಗೇಣುದ್ದ ಪೈಪ್. ಸುರುಳಿ ಹೋಸ್ ಆದಷ್ಟು ಗಿಡ್ಡ ಇರಲಿ. ನಯವಾದ ಪೈಪಿಗಿಂತ ಅದು ಎರಡು-ಮೂರು ಪಟ್ಟು ಗಾಳಿ ತಡೆಯುತ್ತದೆ.

ಇನ್ನು ಚೀಲ. ಅದು ಕಟ್ಟಿಕೊಂಡಿದ್ದರೆ ಎರಡು ಗೇಟ್ ತೆರೆದರೂ ಗಾಳಿ ಬರುವುದಿಲ್ಲ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಅಳೆಯಬೇಕು. ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪ್ ಎರಡು ಮೀಟರ್ ತನ್ನಿ. ಹಲಗೆ ಮೇಲೆ ಯು ಆಕಾರದಲ್ಲಿ ಬಿಗಿದು ಅರ್ಧ ನೀರು ತುಂಬಿ. ಕಲೆಕ್ಟರ್ ಬಾಯಿಯಿಂದ ಎರಡು ಅಡಿ ಈಚೆ ದೊಡ್ಡ ಪೈಪಿಗೆ ತೂತು ಕೊರೆದು ಒಂದು ತುದಿ ಸಿಕ್ಕಿಸಿ. ತುದಿ ಒಳಗೆ ಚಾಚಬಾರದು. ಎರಡು ಕಡೆಯ ನೀರಿನ ಮಟ್ಟದ ನಡುವೆ ಎಷ್ಟು ಅಂತರ ಇದೆಯೋ ಅದೇ ಎಳೆತ. ಎಲ್ಲಾ ಗೇಟ್ ಮುಚ್ಚಿ ಒಮ್ಮೆ, ಎರಡು ತೆರೆದು ಒಮ್ಮೆ ಬರೆದುಕೊಳ್ಳಿ. ಮುಚ್ಚಿದಾಗ ಗಾಳಿ ಹರಿಯುವುದಿಲ್ಲ, ಆದ್ದರಿಂದ ಚೀಲದ ಪಾಲು ಅದರಲ್ಲಿ ಇರುವುದಿಲ್ಲ. ಅದು ಫ್ಯಾನಿನ ಬಲ. ಮುಚ್ಚಿದಾಗಿನದು ಹಾಗೇ ಇದ್ದು ತೆರೆದಾಗಿನದು ದಿನೇ ದಿನೇ ಇಳಿದರೆ ಪೈಪಿನಲ್ಲಿ ಹರಿಯುವ ಗಾಳಿ ಕಡಿಮೆಯಾಗುತ್ತಿದೆ, ಅಂದರೆ ಚೀಲ ಕಟ್ಟುತ್ತಿದೆ. ತೆರೆದಾಗಿನದು ಏರಿದರೆ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ.

ಯಾದಗಿರಿ ಮಿಸ್ತ್ರಿ:

ಫಿಟ್ಟರ್ ಅಣ್ಣಾರು ಹೇಳಿದ್ದು ಸರಿ ಇದೆ. ಗೇಟ್ ತೆರೆಯುವ ಮುಂಚೆ ಕೂತಿರುವ ಹೊಟ್ಟನ್ನು ಕೈಯಿಂದಲೇ ತೆಗೆಯಿರಿ. ಅಷ್ಟೂ ಒಂದೇ ಸಲ ನುಗ್ಗಿದರೆ ಕಲೆಕ್ಟರ್ ಬಾಯಿ ಕಟ್ಟುತ್ತದೆ. ನಡುವೆ ಕಟ್ಟಿಗೆ ಚೂರು ಇದ್ದರೆ ಫ್ಯಾನಿಗೆ ಬಡಿಯುತ್ತದೆ. ಜಾಯಿಂಟಿಗೆ ಅಂಟು ಹಚ್ಚಬೇಡಿ, ನಾಳೆ ಬಿಚ್ಚಬೇಕಾಗುತ್ತದೆ. ಟೇಪ್ ಸುತ್ತಿ, ಬೇಕಾದರೆ ಗಿಡ್ಡ ಸ್ಕ್ರೂ ಹಾಕಿ. ಸ್ಕ್ರೂ ತುದಿ ಒಳಗೆ ಇಣುಕಿದರೆ ರಂಧಾ ಸಿಪ್ಪೆ ಅದಕ್ಕೇ ಸಿಕ್ಕಿಕೊಂಡು ಗೂಡು ಕಟ್ಟುತ್ತದೆ. ನಾಲ್ಕು ಅಡಿಗೊಂದು ಕ್ಲಾಂಪ್ ಇರಲಿ. ನಮ್ಮ ಕಡೆ ಬಿಸಿಲಿಗೆ ಪತ್ರಾಸ್ ಕೆಳಗಿನ ಪಿವಿಸಿ ಮೆತ್ತಗಾಗಿ ಜೋಲುತ್ತದೆ. ಜೋಲಿದಲ್ಲೇ ಮತ್ತೆ ಹೊಟ್ಟು ಕೂರುತ್ತದೆ.

ಕಲಬುರಗಿ ಹವ್ಯಾಸಿ:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಪೈಪಿನಿಂದ ಎರಡು ಬಕೆಟ್ ಹೊಟ್ಟು ಹೊರಬಂತು. ಟೀ ಮುಂದೆ ಸಿಪ್ಪೆ ಉಂಡೆ ಕಟ್ಟಿತ್ತು, ಮುಷ್ಟಿಗಿಂತ ದೊಡ್ಡದು. ವೈ ಹಾಕಿದೆ, ಕೊನೆಗೆ ಗೇಟ್ ಕೂರಿಸಿದೆ, ರೂಟರ್‌ಗೆ ವ್ಯಾಕ್ಯೂಮ್ ಕೊಟ್ಟೆ.

ನೀರಿನ ಅಳತೆ: ಎಲ್ಲಾ ಮುಚ್ಚಿದಾಗ 21 ಸೆಂ.ಮೀ. ಎರಡು ಗೇಟ್ ತೆರೆದಾಗ ಬರೀ 7. ಮಾಸ್ಕ್ ಹಾಕಿಕೊಂಡು ಚೀಲವನ್ನು ಅಂಗಳದಲ್ಲಿ ಚೆನ್ನಾಗಿ ಜಾಡಿಸಿ ತಂದೆ. ಮುಚ್ಚಿದಾಗ ಅದೇ 21, ತೆರೆದಾಗ 11! ನೀರು ಮೇಲೇರಿದ್ದನ್ನು ಮಗಳೇ ಕಿಟಕಿಯಿಂದ ನೋಡಿ ಹೇಳಿದಳು. ಆ ಎರಡೂ ಗುರುತನ್ನು ಹಲಗೆ ಮೇಲೆ ಪೆನ್ಸಿಲಿನಿಂದ ಗೀಚಿದ್ದೇನೆ. ನಿನ್ನೆ ಬೇವಿನ ಹಲಗೆ ಆರು ಸೀಳಿದೆ, ಕೊನೆ ಗೇಟ್ ಬಿಚ್ಚಿ ನೋಡಿದರೆ ಪೈಪಿನ ತಳ ಕಾಣುತ್ತಿದೆ.

ಒಂದು ಉಳಿದಿದೆ. ಪೈಪ್ ಮುಟ್ಟಿದರೆ ಚುರ್ ಅಂತ ಶಾಕ್ ಹೊಡೆಯುತ್ತದೆ.

ಬೀದರ್ ಫಿಟ್ಟರ್:

ತುಂಬಾ ಖುಷಿಯಾಯಿತು. ಶಾಕ್ ಬರುವುದು ಒಣ ಹವೆಗೆ ಹೊಟ್ಟು ಪಿವಿಸಿಗೆ ಉಜ್ಜುವುದರಿಂದ. ಬರಿಯ ತಾಮ್ರದ ತಂತಿಯನ್ನು ಪೈಪ್ ಹೊರಗೆ ಸುರುಳಿ ಸುತ್ತಿ ಅರ್ಥಿಂಗ್‌ಗೆ ಕೊಡಿ. ಪಿವಿಸಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ತಂತಿಯ ಅಕ್ಕಪಕ್ಕದ್ದು ಮಾತ್ರ ಇಳಿಯುತ್ತದೆ. ಕೈಗೆ ಹೊಡೆಯುವುದು ಕಡಿಮೆಯಾಗುತ್ತದೆ.

ಮಗಳ ವಿಷಯ ಮರೆಯಬೇಡಿ. ನಿಮ್ಮದು 30 ಮೈಕ್ರಾನ್ ಚೀಲವಾದರೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಎದೆಗೆ ಇಳಿಯುವ ನುಣ್ಣನೆ ಧೂಳು ಅದರಿಂದ ಹೊರಗೇ ಬರುತ್ತದೆ. 1 ಮೈಕ್ರಾನ್ ಚೀಲ ಹಾಕಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಲೆಕ್ಟರ್ ಓಡುತ್ತಿದ್ದರೂ ಮಾಸ್ಕ್ ಇರಲಿ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಮಗು ಶೆಡ್ ಒಳಗೆ ಬರುವುದು ಬೇಡ.

ಕಲಬುರಗಿ ಹವ್ಯಾಸಿ:

ಚೀಲ ಈ ವಾರವೇ ತರುತ್ತೇನೆ. ಕೊನೆ ಗೇಟಿನ ಬಾಯಿಯನ್ನು ನೆಲಕ್ಕೆ ಇಳಿಸಿದರೆ ಫರಸಿ ಮೇಲಿನ ಹೊಟ್ಟನ್ನು ಗುಡಿಸಿ ಅಲ್ಲಿಗೇ ತಳ್ಳಬಹುದಾ?

ಯಾದಗಿರಿ ಮಿಸ್ತ್ರಿ:

ತಳ್ಳಬಹುದ್ರೀ ಸರ್. ಬಾಯಿಗೆ ಅರ್ಧ ಇಂಚಿನ ಕಬ್ಬಿಣದ ಜಾಳಿಗೆ ಹಾಕಿ, ಅದರ ಪಕ್ಕ ಒಂದು ಅಯಸ್ಕಾಂತ ಅಂಟಿಸಿ. ಗುಡಿಸುವಾಗ ಮೊಳೆ, ಸ್ಕ್ರೂ ಬಂದೇ ಬರುತ್ತವೆ. ಫ್ಯಾನ್ ಕಬ್ಬಿಣದ್ದು, ಮೊಳೆ ತಗುಲಿದರೆ ಕಿಡಿ ಹಾರುತ್ತದೆ.