ಗೆಳೆಯನ ನೆನಪಿಗೆ ವೀಕೆಂಡ್ ಟೂರ್ನಿ: ಮಾಡಿದವರು ಅನುಭವ ಹೇಳಿ

ಮಿಡ್‌ಫೀಲ್ಡ್ 8: ಬೆಂಗಳೂರಿನ ನಮ್ಮ ಏರಿಯಾದ ಹಿರಿಯ ಫುಟ್‌ಬಾಲ್ ಆಟಗಾರರೊಬ್ಬರು ಕಳೆದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಭಾನುವಾರ ಬೆಳಿಗ್ಗೆ ಹುಡುಗರಿಗೆ ಒಂದು ರೂಪಾಯಿ ತಗೊಳ್ಳದೆ ಕೋಚಿಂಗ್ ಕೊಡ್ತಿದ್ದರು. ಮೊದಲ ವರ್ಷದ ನೆನಪಿಗೆ ಶನಿವಾರ-ಭಾನುವಾರ ಏನಾದರೂ ಮಾಡಬೇಕು. ಕೈಯಲ್ಲಿರೋದು ₹40,000. ಸೆವೆನ್ಸ್ (ಸಣ್ಣ ಮೈದಾನದಲ್ಲಿ ಏಳೇಳು ಜನರ ಆಟ) ಟೂರ್ನಿ ಮಾಡೋದಾ, ಮಕ್ಕಳ ಕ್ಯಾಂಪ್ ಮಾಡೋದಾ?

ಎಡವಿಂಗ್: ಅಷ್ಟು ದುಡ್ಡಿಗೆ ಎರಡು ದಿನದ ಸೆವೆನ್ಸ್ ಆಗಲ್ಲ, ಮೊದಲೇ ಹೇಳಿಬಿಡ್ತೀನಿ. ನಮ್ಮ ಕ್ಯಾಪ್ಟನ್ ಹೆಸರಲ್ಲಿ 16 ಟೀಮಿನ ನಾಕೌಟ್ ಮಾಡಿದ್ವಿ. ಗ್ರೌಂಡಿಗೆ ₹12,000. ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಸೇರಿ ₹18,500. ರೆಫರಿಗಳಿಗೆ ₹9,000, ಆ್ಯಂಬುಲೆನ್ಸಿಗೆ ₹7,000, ಟ್ರೋಫಿ-ಮೆಡಲ್ಲಿಗೆ ₹14,000. ಗೆರೆ ಹಾಕೋ ಸುಣ್ಣ ಬೇರೆ. ನೀರಿನ ಕ್ಯಾನ್ ಲೆಕ್ಕ ಯಾರೂ ಹಾಕಲ್ಲ, ಅದೇ ಒಂದು ದೊಡ್ಡ ಬಾಬತ್ತು. ಎಂಟ್ರಿ ಫೀ ₹2,500 ಇಟ್ಟಿದ್ವಿ. "ಫೈನಲ್ ದಿನ ಕೊಡ್ತೀವಿ" ಅಂದ ಟೀಮುಗಳು ಮೊದಲ ರೌಂಡಲ್ಲೇ ಸೋತು ಬೈಕ್ ಹತ್ತಿದ್ದು, ಇವತ್ತಿಗೂ ಫೋನ್ ಎತ್ತಲ್ಲ.

ಶನಿವಾರ ರಾತ್ರಿ ಮಳೆ ಹುಯ್ದು ಪೆನಾಲ್ಟಿ ಬಾಕ್ಸಲ್ಲಿ ಪಾದ ಮುಳುಗೋಷ್ಟು ನೀರು. ಹುಡುಗರು ಗೋಣಿಚೀಲ ಹಾಸಿ ಹಿಂಡಿ, ಬಕೆಟ್ಟಲ್ಲಿ ನೀರು ಎತ್ತಿ, ಮರಳು ಸುರಿದು ಮಧ್ಯಾಹ್ನದ ಹೊತ್ತಿಗೆ ಸೆಮಿಫೈನಲ್ ಶುರು ಮಾಡಿದ್ರು. ಶಾಮಿಯಾನದವನು ಬಟ್ಟೆ ನೆಂದಿದೆ ಅಂತ ಮೇಲೆ ₹3,000 ಕಿತ್ಕೊಂಡ. ಬೆಂಗಳೂರಲ್ಲಿ ಅಕ್ಟೋಬರ್ ಅಂದ್ರೆ ಹಿಂಗಾರು. ತಿಥಿಯ ದಿನ ಮನೆಯವರ ಜೊತೆ ಇರಿ, ಟೂರ್ನಿ ಜನವರಿಗೆ ಇಟ್ಕೊಳ್ಳಿ.

ಹಳೇ ಸ್ಟಾಪರ್: ಹನ್ನೊಂದು ಜನರ ಆಟ ಆಡಿ ಬದುಕಿದವನಿಗೆ ಅರ್ಧ ಮೈದಾನದಲ್ಲಿ ಶ್ರದ್ಧಾಂಜಲಿಯೇ? ನನಗೆ ಒಪ್ಪಿಗೆ ಇಲ್ಲ. ನಮ್ಮ ಗೆಳೆಯ ತೀರಿಕೊಂಡಾಗ ನಾವು ಮಾಡಿದ್ದು ಒಂದೇ ಪಂದ್ಯ. ಅವನ ಜೊತೆ ಆಡಿದವರು ಒಂದು ಕಡೆ, ಅವನ ಕೈಯಲ್ಲಿ ಕಲಿತವರು ಇನ್ನೊಂದು ಕಡೆ. 30 ನಿಮಿಷದ ಎರಡು ಹಾಫ್. ಅವನ 6ನೇ ನಂಬರ್ ಜೆರ್ಸಿ ಯಾರೂ ತೊಡಲಿಲ್ಲ. ಆರನೇ ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿದರು, ಮೈದಾನ ಪೂರ್ತಿ ಚಪ್ಪಾಳೆ. ಅವನ ಬೂಟು ಮೇಜಿನ ಮೇಲಿಟ್ಟಿದ್ದೆವು. ಬಲಗಾಲಿನದು ಹೆಬ್ಬೆರಳ ಹತ್ತಿರ ಕಿತ್ತುಹೋಗಿ ಕಪ್ಪು ದಾರದಲ್ಲಿ ಹೊಲಿದದ್ದು. ಅವನ ತಾಯಿ ಸೆರಗಿನಿಂದ ಅದರ ಧೂಳು ಒರೆಸುತ್ತಾ ಕೂತಿದ್ದರು. ಒಟ್ಟು ಖರ್ಚು ₹11,000, ಅದರಲ್ಲಿ ಊಟಕ್ಕೇ ₹6,500. ಒಬ್ಬ ರಾಜಕಾರಣಿಯನ್ನೂ ಕರೆಯಲಿಲ್ಲ, ಭಾಷಣವಿಲ್ಲ, ಶಾಲು-ಹಾರ ಇಲ್ಲ.

ಎಡವಿಂಗ್: ಗ್ರೌಂಡು ಪುಕ್ಕಟೆ ಸಿಕ್ಕಿದ್ದನ್ನೂ ಹೇಳಿ ಸರ್. ನಮಗೆ ಯಾರೂ ಕೊಡಲಿಲ್ಲ. ಮತ್ತೆ ನಿಮ್ಮ ಪಂದ್ಯ ನೋಡೋಕೆ ಹದಿನೈದು ವರ್ಷದ ಹುಡುಗರು ಎಷ್ಟು ಜನ ಬಂದಿದ್ರು? ನಮ್ಮಲ್ಲಿ ಕಾಂಪೌಂಡ್ ಮೇಲೂ ಜಾಗ ಇರಲಿಲ್ಲ.

ಹಳೇ ಸ್ಟಾಪರ್: ಜನಜಾತ್ರೆ ಸೇರಿಸೋದೇ ಗೌರವ ಅಂತ ಯಾರು ಹೇಳಿದರು ನಿಮಗೆ? 1968-69 ಆದಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿದಾಗ. ಅಷ್ಟು ವರ್ಷ ಕಾಯಬೇಕಾಗಿದ್ದು ಪೂರ್ತಿ ಮೈದಾನದ ಆಟ ಮರೆತದ್ದಕ್ಕೇ.

ಎಡವಿಂಗ್: ಬ್ರೆಜಿಲ್‌ನ ನೇಮರ್, ರೊನಾಲ್ಡಿನ್ಯೊ ಫುಟ್ಸಾಲ್ (ಸಣ್ಣ ಅಂಗಳದಲ್ಲಿ ಐದೈದು ಜನರ ಆಟ) ಆಡಿಯೇ ಬೆಳೆದವರು. ಸಣ್ಣ ಜಾಗದ ಆಟಕ್ಕೆ ಬೈಬೇಡಿ.

ಬೆಳಗಾವಿ ಕೀಪರ್: ನಿಮ್ಮ ಜಗಳ ಆಮ್ಯಾಲೆ ಮಾಡ್ರಿ. ಕ್ಯಾಶ್ ಪ್ರೈಜ್ ಒಂದು ಇಡಬ್ಯಾಡ್ರಿ. ನಾವು ₹25,000 ಇಟ್ಟಿದ್ವಿ, ಒಂದು ಟೀಮಿನವ್ರು ಗೋವಾದಿಂದ ಆಡವ್ರನ್ನ ಕರಕೊಂಡು ಬಂದ್ರು. ಆಧಾರ್ ಕಾರ್ಡ್ ಕೇಳಿದ್ರ ಮೈಮ್ಯಾಲೆ ಬಂದ್ರು. ಸೆಮಿಫೈನಲ್‌ದಾಗ ನಮ್ಮ ಊರ ಹುಡುಗನ ಮೊಳಕಾಲು ತಿರುವಿ ಲಿಗಮೆಂಟ್ ಹೋತು. ಎಂಆರ್‌ಐ ₹6,500, ಆಪರೇಷನ್ ₹1,40,000. ಅವರ ಮನಿಯವ್ರು ನಮ್ಮ ಬಾಗಲಾ ಬಡದ್ರು. ಟೂರ್ನಿದಾಗ ಉಳಿದಿದ್ದ ರೊಕ್ಕ ಎಲ್ಲಾ ಅಲ್ಲೇ ಹೋತು, ಮ್ಯಾಲೆ ಕೈಗಡ. ಸತ್ತ ಗೆಳ್ಯಾನ ಮಕ್ಕಳ ಶಾಲಿ ಫೀ ಸಲುವಾಗಿ ಕೂಡಿಸಿದ್ದು ಅದು. ಅವನ ಹೆಂಡ್ತಿ ಮುಂದ ಕುಂತು ಲೆಕ್ಕ ಹೇಳಬೇಕಾತು, ಆಕಿ ಒಂದ ಮಾತು ಆಡಲಿಲ್ಲ. ಇವತ್ತಿಗೂ ಹೊಟ್ಯಾಗ ಸಂಕಟ ಐತಿ. ಎರಡು ದಿನದ ಇನ್ಶೂರೆನ್ಸ್ ಮಾಡಸ್ರಿ, ಎಲ್ಲಾ ಆಟಗಾರರ ಕಡಿಂದ ಸಹಿ ತಗೋರಿ.

ಲೈನ್ಸ್‌ಮನ್: ರೆಫರಿಗಳಿಗೆ ₹9,000 ಕೊಟ್ಟೆವು ಅಂತ ಖರ್ಚಿನ ಪಟ್ಟಿಯಲ್ಲಿ ಬರೆದವರಿಗೆ ಒಂದು ಲೆಕ್ಕ. 16 ಟೀಮಿನ ನಾಕೌಟ್ ಅಂದರೆ 15 ಪಂದ್ಯ. ಪಂದ್ಯಕ್ಕೆ ₹600. ಮೂವರಿಗೆ ಹಂಚಿದರೆ ತಲೆಗೆ ₹200, ಅದಕ್ಕೆ ಎರಡು ದಿನದ ಬಿಸಿಲು, ಬೈಗುಳ, ತಳ್ಳಾಟ. ನಾನು ಇಂಥ ಟೂರ್ನಿಗಳಲ್ಲಿ ಸೀಟಿ ಊದಿದವನು. ಆಫ್‌ಸೈಡ್ ಕೊಟ್ಟಿದ್ದಕ್ಕೆ ಬೈಕಿನ ಎರಡೂ ಟೈರ್ ಕೊಯ್ದಿದ್ದರು. ಟ್ರೋಫಿಗೆ ₹14,000 ಸುರಿಯುವವರು ರೆಫರಿ ದುಡ್ಡಿಗೆ ಚೌಕಾಸಿ ಮಾಡ್ತಾರೆ. ಇನ್ನೊಂದು, ಲೀಗ್ ಕ್ಲಬ್‌ನಲ್ಲಿ ನೋಂದಣಿಯಾದ ಹುಡುಗರನ್ನು ಆಡಿಸುವ ಮೊದಲು ಅವರ ಕ್ಲಬ್ಬನ್ನು ಕೇಳಿ. ಫ್ಲೆಕ್ಸ್ ಹಾಕಬೇಡಿ, 2018ರಲ್ಲಿ ಹೈಕೋರ್ಟ್ ತರಾಟೆಗೆ ತಗೊಂಡ ಮೇಲೆ ಬೆಂಗಳೂರಲ್ಲಿ ಅದಕ್ಕೆ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಸಾಕು.

ಎಡವಿಂಗ್: ಚೌಕಾಸಿ ಮಾಡಿಲ್ಲ. ಅವರು ಕೇಳಿದ್ದನ್ನೇ ಕೊಟ್ವಿ, ಊಟನೂ ಹಾಕಿದ್ವಿ.

ಗೌತಮಪುರ ಹುಡುಗ: ಟೂರ್ನಿ ಎರಡು ದಿನಕ್ಕೆ ಮುಗಿಯುತ್ತೆ. ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೆ ಇದೆ, 2022ರ ಡಿಸೆಂಬರ್ 29ಕ್ಕೆ ಅವರು ಹೋದ್ರೂ ಪ್ರತಿಮೆ ನಿಂತಿದೆ. ಏನಾದ್ರೂ ಉಳಿಯೋದು ಮಾಡಿ.

ಹಳೇ ಸ್ಟಾಪರ್: ಪೆಲೆಗೆ ನಮಸ್ಕಾರ. ಆದರೆ ಅಹ್ಮದ್ ಖಾನ್ ಈ ಊರಿನವರು. 1948ರ ಲಂಡನ್ ಒಲಿಂಪಿಕ್ಸ್ ಆಡಿದವರು, 1951ರ ಏಷ್ಯನ್ ಗೇಮ್ಸ್ ಚಿನ್ನದ ತಂಡದವರು, ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವರು' ಅನಿಸಿಕೊಂಡ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರು. 2017ರಲ್ಲಿ ತೀರಿಕೊಂಡರು. ನಿಮ್ಮ ಏರಿಯಾದ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು?

ಗೌತಮಪುರ ಹುಡುಗ: ನಮ್ಮ ಮಕ್ಕಳಿಗೆ ಗೊತ್ತು. ನಿಮ್ಮ ಏರಿಯಾ ನೋಡ್ಕೊಳ್ಳಿ.

ಎಡವಿಂಗ್: ನಮ್ಮ ಬೆಂಗಳೂರಿನವರೇ ಆದ ಕಾರ್ಲ್ಟನ್ ಚಾಪ್‌ಮನ್ ಹೆಸರು ಯಾಕೆ ಬಿಟ್ರಿ? 1993ರಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ ಮೇಲೆ ಈಸ್ಟ್ ಬೆಂಗಾಲ್ 6-2 ಗೆದ್ದಾಗ ಹ್ಯಾಟ್ರಿಕ್ ಹೊಡೆದವರು. 2020ರ ಅಕ್ಟೋಬರ್ 12ಕ್ಕೆ ಹೋದರು, 49 ವಯಸ್ಸು ಅಷ್ಟೇ. ಕೊರೊನಾ ಕಾಲ, ಜನ ಸೇರಿ ಬೀಳ್ಕೊಡೋಕೂ ಆಗದ ದಿನಗಳು.

ಮಿಡ್‌ಫೀಲ್ಡ್ 8: ಎಲ್ಲರಿಗೂ ಥ್ಯಾಂಕ್ಸ್. ಮಕ್ಕಳ ಕ್ಯಾಂಪ್ ಬಗ್ಗೆ ಯಾರೂ ಹೇಳಲಿಲ್ಲ?

ಅವನ ಅಕ್ಕ: ನಾನು ಹೇಳ್ತೀನಿ. ನನ್ನ ತಮ್ಮ ಗೋಲ್‌ಕೀಪರ್. ಅವನು ಹೋದ ಮೇಲೆ ಅವನ ಕ್ಲಬ್‌ನವರು ಟೂರ್ನಿ ಮಾಡಿದರು. ನನ್ನನ್ನೂ ಅಮ್ಮನನ್ನೂ ವೇದಿಕೆ ಮೇಲೆ ಕೂರಿಸಿ, ಅತಿಥಿಗಳು ಬರೋವರೆಗೂ ಕಾಯಿಸಿದರು. ಬಂದ ಅತಿಥಿ ಅವನ ಹೆಸರನ್ನೇ ತಪ್ಪಾಗಿ ಹೇಳಿದರು. ಮುಂದಿನ ವರ್ಷ ನಾನೇ ಕ್ಯಾಂಪ್ ಮಾಡಿದೆ. 4ನೇ ಸೈಜಿನ ಚೆಂಡು ತಲಾ ₹700ರಂತೆ ಇಪ್ಪತ್ತು, ಕೋನ್‌ಗಳು, ಬಿಬ್‌ಗಳು, ಎರಡು ಮಡಿಸೋ ಗೋಲ್ ಪೋಸ್ಟ್, ಬಾಳೆಹಣ್ಣು, ಮೊಟ್ಟೆ. ₹31,000 ಒಳಗೆ ಮುಗೀತು. ಅವನ ಜೊತೆ ಆಡಿದವರೇ ಕಲಿಸಿದರು. ಹೆಣ್ಣುಮಕ್ಕಳೂ ಬಂದರು, ಅವರಲ್ಲಿ ಒಬ್ಬಳು ಈಗ ಅವನ ಗ್ಲೌಸ್ ಹಾಕ್ಕೊಂಡೇ ಪ್ರಾಕ್ಟೀಸ್ ಮಾಡ್ತಾಳೆ. ಚೆಂಡುಗಳು ಕ್ಲಬ್‌ನಲ್ಲೇ ಇವೆ, ಪ್ರತಿ ಭಾನುವಾರ ಬಳಕೆಯಲ್ಲಿವೆ. ಸೆವೆನ್ಸೋ ಹನ್ನೊಂದೋ ಅಂತ ಕಿತ್ತಾಡುವವರು ಸತ್ತವರ ಮನೆಯವರನ್ನ ಒಂದು ಮಾತು ಕೇಳಿ ನೋಡಿ.

ಹಳೇ ಸ್ಟಾಪರ್: ತಾಯಿ, ನಾವು ಮನೆಯವರನ್ನು ಕೇಳಿಯೇ ಮಾಡಿದ್ದು.

ಲೈನ್ಸ್‌ಮನ್: 8 ವರ್ಷದೊಳಗಿನ ಮಕ್ಕಳೂ ಬರೋದಾದರೆ 3ನೇ ಸೈಜಿನ ಚೆಂಡು ಒಂದಷ್ಟು ತನ್ನಿ, 4 ಅವರಿಗೆ ದೊಡ್ಡದಾಗುತ್ತೆ.