‘ಬಣ್ಣದ ಆಳ’ ಸರಿಯಾ? ಫ್ರೇಮ್ ರೇಟ್‌ಗೆ ಏನನ್ನೋಣ?

ಗೆಳೆಯರೇ,

ಮನೆಯವರಿಗೆ ಅನುಕೂಲ ಆಗಲಿ ಅಂತ ಹೊಸ ಟಿವಿಯ ಸೆಟ್ಟಿಂಗ್‌ಗಳ ಬಗ್ಗೆ, ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಾ, ಒಂದು ಪುಟದ ಟಿಪ್ಪಣಿ ಬರೆದಿದ್ದೆ. ಕಲರ್ ಡೆಪ್ತ್‌ಗೆ ‘ಬಣ್ಣದ ಆಳ’ ಅಂತ ಹಾಕಿದ್ದೆ. ‘ಆಳ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅನ್ನೋ ಸಾಲು ಓದಿದ ದೊಡ್ಡಪ್ಪ, ಕಲರ್ ಸೆಟ್ಟಿಂಗನ್ನು ಪೂರ್ತಿ ಏರಿಸಿಬಿಟ್ಟರು. ಸಂಜೆ ಬಂದು ನೋಡಿದರೆ ಸಿನಿಮಾದವರ ಮುಖವೆಲ್ಲ ಕಿತ್ತಳೆ ಹಣ್ಣು. ‘ನೀನೇ ಬರೆದಿದ್ದೀಯಲ್ಲಪ್ಪಾ, ಆಳ ಬೇಕು ಅಂತ’ ಅಂದರು. ತಪ್ಪು ಅವರದಲ್ಲ, ನಾನು ಹಾಕಿದ ಪದದ್ದು.

ಬಣ್ಣಕ್ಕೆ ಕಡು, ತಿಳಿ, ದಟ್ಟ, ಗಾಢ ಅಂತೆಲ್ಲ ಹೇಳುತ್ತೇವೆ. ‘ಆಳ’ ಅಂದ ಕೂಡಲೇ ಮನಸ್ಸು ಕಡು ಬಣ್ಣದ ಕಡೆಗೇ ಹೋಗುತ್ತದೆ, ಅಲ್ವಾ? ಆದರೆ ಇಲ್ಲಿನ ಲೆಕ್ಕ ಬೇರೆ. ಕಪ್ಪಿನಿಂದ ಅಚ್ಚ ಕೆಂಪಿನವರೆಗೆ ಎಷ್ಟು ಮೆಟ್ಟಿಲು ಅನ್ನೋದಷ್ಟೇ ಮಾತು. ಇದನ್ನು ಬಿಟ್‌ಗಳಲ್ಲಿ (ಸೊನ್ನೆ-ಒಂದರ ಅಂಕಿಗಳಲ್ಲಿ) ಎಣಿಸುತ್ತಾರೆ: 8 ಬಿಟ್‌ನಲ್ಲಿ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಹಸಿರು, ನೀಲಿಗೂ ಹೀಗೇ. ಮೂರನ್ನೂ ಬೆರೆಸಿದರೆ ಮೊದಲನೆಯದರಲ್ಲಿ ಸುಮಾರು 1.67 ಕೋಟಿ ಬಣ್ಣ, ಎರಡನೆಯದರಲ್ಲಿ 107 ಕೋಟಿ.

ಮುಸ್ಸಂಜೆಯ ಆಕಾಶ ಇರುವ ದೃಶ್ಯ ನೋಡಿ. ಕೆಳಗೆ ಕೆಂಪು, ಮೇಲೆ ಹೋಗುತ್ತಾ ನೀಲಿ. ಮೆಟ್ಟಿಲು ಸಾಲದಿದ್ದರೆ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಸಾಕಷ್ಟಿದ್ದರೆ ಮೆಟ್ಟಿಲೇ ಕಾಣಲ್ಲ, ಇಳಿಜಾರು ಮಾತ್ರ ಕಾಣುತ್ತದೆ. (ವಿಡಿಯೊವನ್ನೇ ತೀರಾ ಹಿಂಡಿ ಕಳಿಸಿದ್ದರೆ 10 ಬಿಟ್ ಪರದೆಯಲ್ಲೂ ಪಟ್ಟೆ ಬರುತ್ತದೆ, ಅದು ಬೇರೆ ಕಥೆ.) ಹಾಗಾಗಿ ‘ಬಣ್ಣದ ಮೆಟ್ಟಿಲು’ ಅನ್ನೋದು ನನ್ನ ಆಯ್ಕೆ. ಆಕಾಶ ಹೀಗೆ ಪಟ್ಟೆಯಾಗುವುದನ್ನು ಇಂಗ್ಲಿಷ್‌ನಲ್ಲಿ ಬ್ಯಾಂಡಿಂಗ್ ಅನ್ನುತ್ತಾರೆ, ಅದಕ್ಕೆ ‘ಪಟ್ಟೆ ಏಳುವುದು’ ಸಾಕು.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತವೆ ಅನ್ನೋದು, ಮಾತ್ರ ಸುಲಭಕ್ಕೆ ಬಗ್ಗುತ್ತಿಲ್ಲ. ‘ಚೌಕಟ್ಟಿನ ದರ’ ಅಂದರೆ ಫೋಟೋಗೆ ಕಟ್ಟು ಹಾಕಿಸೋಕೆ ಎಷ್ಟಾಗುತ್ತೆ ಅಂತ ಕೇಳಿದ ಹಾಗಿದೆ. ಸಿನಿಮಾದವರ ಫ್ರೇಮ್ ಅಂದರೆ ಸುತ್ತಲಿನ ಕಟ್ಟಲ್ಲ, ಒಳಗಿನ ಚಿತ್ರವೇ. ಸಿನಿಮಾಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಸರಿ, ‘ಸೆಕೆಂಡಿಗೆ 24 ಚಿತ್ರ’ ಅನ್ನೋಣವೇ? ನಮ್ಮಲ್ಲಿ ಚಿತ್ರ ಅಂದರೆ ಇಡೀ ಸಿನಿಮಾ! ‘ಬಿಡಿಚಿತ್ರ’ ಅಂದರೆ ನಡೆಯಬಹುದು. ‘ವೇಗ’ ಅನ್ನೋ ಪದವಂತೂ ಬೇಡ. ಸಿನಿಮಾನೇ ಬೇಗ ಓಡುತ್ತೆ ಅನ್ನೋ ಅರ್ಥ ಬರುತ್ತದೆ. 2012ರಲ್ಲಿ ‘ದಿ ಹಾಬಿಟ್’ ಸಿನಿಮಾ ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಬಂದಾಗ, ಪಾತ್ರಗಳನ್ನು ಬೇಗ ಬೇಗ ಓಡಿಸಿದ ಹಾಗೆ ಕಾಣುತ್ತೆ ಅಂತ ಕೆಲವರು ನಿಜವಾಗಿಯೂ ಗೊಣಗಿದ್ದರು. ಓಟ ಅಷ್ಟೇ ಇರುತ್ತದೆ, ಅದೇ ಒಂದು ಸೆಕೆಂಡಿನೊಳಗೆ ಬಿಡಿಚಿತ್ರಗಳು ಒತ್ತೊತ್ತಾಗಿ ಕೂರುತ್ತವೆ. ‘ದಟ್ಟಣೆ’ ಅನ್ನಬಹುದು ಅಂದುಕೊಂಡೆ. ಗೆಳೆಯನೊಬ್ಬ ನಕ್ಕ: ‘ದಟ್ಟಣೆ ಅಂದ್ರೆ ಗಾಡಿ ನಿಂತೇ ಹೋಗುತ್ತಲ್ಲೋ.’

ಇನ್ನೊಂದು ಪದ ಮನೆಯಲ್ಲೇ ಸಿಕ್ಕಿತು. ಟಿವಿಯಲ್ಲಿ ಮೋಷನ್ ಸ್ಮೂತಿಂಗ್ ಅಂತ ಒಂದಿದೆ. 24 ಫ್ರೇಮ್‌ಗಳ ನಡುವೆ ಟಿವಿ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಗ ಸಿನಿಮಾ ನೋಡಿದ ಅಕ್ಕ ‘ಇದೇನು, ಸೀರಿಯಲ್ ಕಳೆ ಬಂದಿದೆ’ ಅಂದಳು. ಇಂಗ್ಲಿಷ್‌ನವರೂ ಇದನ್ನು ಸೋಪ್ ಒಪೆರಾ ಎಫೆಕ್ಟ್ ಅಂತಲೇ ಕರೆಯುತ್ತಾರೆ. ಸೀರಿಯಲ್‌ಗಳನ್ನು ಸೆಕೆಂಡಿಗೆ 50 ಅಥವಾ 60 ಸಲ ಚಿತ್ರ ಬದಲಾಗುವ ವಿಡಿಯೊದಲ್ಲಿ ತೆಗೆಯುತ್ತಿದ್ದರು, ಕಣ್ಣು ಆ ಜಾರುವ ಚಲನೆಯನ್ನು ನೆನಪಿಟ್ಟುಕೊಂಡಿದೆ. ‘ಕಳೆ’ ಅಂದರೆ ಮುಖದ ಕಳೆಯೂ ಹೌದು, ಕೀಳಬೇಕಾದ ಕಳೆಯೂ ಹೌದು. ಇದಕ್ಕಿಂತ ಒಳ್ಳೆಯ ಪದ ನಾವು ಕೂತು ಕಟ್ಟಿದರೂ ಸಿಗಲ್ಲ. ‘ಧಾರಾವಾಹಿ’ ಅಂದರೂ ಧಾರೆಯಾಗಿ ಹರಿಯೋದು ಅಂತಲೇ ಅರ್ಥ, ಆದರೆ ನನ್ನ ಓಟು ಅಕ್ಕನಿಗೇ.

ಉಳಿದಿದ್ದು ಜಡರ್, ಅಂದರೆ ಚಲನೆ ತಡೆದು ತಡೆದು ಸಾಗುವುದು. 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಿ ತೋರಿಸುವ) ಪರದೆಗೆ 24 ಸಮನಾಗಿ ಹಂಚಲ್ಲ. ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಹಿಂದಿನ ಮರ, ಕಂಬ ಎಲ್ಲ ತಡೆದು ತಡೆದು ಸರಿಯುತ್ತವೆ. 120 ಹರ್ಟ್ಸ್‌ನಲ್ಲಿ ಪ್ರತಿಯೊಂದೂ ಐದೈದು ಸಲ ಬರುವುದರಿಂದ ಈ ಕಾಟ ಇರಲ್ಲ. ಇದಕ್ಕೆ ‘ಕುಲುಕು’ ಅಂತ ಬರೆದೆ. ಆದರೆ ಕುಲುಕು ಅಂದರೆ ಮೇಲೆ ಕೆಳಗೆ ಆಡುವ ಹಾಗಿದೆ. ‘ಎಡವು’ ಅಂದರೆ ಒಂದೇ ಸಲ ಆಗಿ ಮುಗಿಯುವ ಹಾಗಿದೆ. ಒಂದೇ ಸಮನಾಗಿ ತಡೆ ತಡೆದು ಸಾಗೋದಕ್ಕೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತೀರಿ?