ಕುಲುಮೆಗೆ ಶೇ. 97 ಶುದ್ಧತೆಯ ಫ್ಲೋರ್‌ಸ್ಪಾರ್ ಅಗತ್ಯವೇ?

ಪ್ರಶ್ನೆ – ಎರಕದಮನೆ_ಬೆಳಗಾವಿ

ಮಾನ್ಯರೇ, ನಾನು ಎರಕದ ಕಾರ್ಖಾನೆಯೊಂದರಲ್ಲಿ ಕುಲುಮೆಯ ಮೇಲ್ವಿಚಾರಕನಾಗಿದ್ದೇನೆ. ಇಂಡಕ್ಷನ್ ಕುಲುಮೆಯ ಗೋಡೆಗೆ ಸ್ಲ್ಯಾಗ್ (ಕರಗಿದ ಲೋಹದ ಮೇಲೆ ತೇಲುವ ಕಲ್ಮಶ) ಗಟ್ಟಿಯಾಗಿ ಅಂಟಿಕೊಂಡಾಗ ನಾವು ಸ್ವಲ್ಪ ಫ್ಲೋರ್‌ಸ್ಪಾರ್ (ಕ್ಯಾಲ್ಸಿಯಂ ಫ್ಲೋರೈಡ್ ಖನಿಜ) ಹಾಕುತ್ತೇವೆ. ಈಗ ಸರಬರಾಜುದಾರರು ಗಟ್ಟಿಗಳ ಬದಲು ಶೇ. 97 ಶುದ್ಧತೆಯ ಪುಡಿಯನ್ನು ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಅದರ ಬೆಲೆಯೂ ಹೆಚ್ಚು. ಇದರಿಂದ ನಮಗೆ ಲಾಭವಿದೆಯೇ? ಇಲ್ಲವಾದರೆ ಅಷ್ಟು ಶುದ್ಧವಾದ ಖನಿಜ ಯಾರಿಗೆ ಬೇಕು?

ಉತ್ತರ – ಲೋಹಶಾಸ್ತ್ರ_ಭದ್ರಾವತಿ

ಲಾಭವಿಲ್ಲ. ನುಣ್ಣನೆಯ ಪುಡಿಯಲ್ಲಿ ಒಂದಷ್ಟು ಕುಲುಮೆಯ ಬಿಸಿಗಾಳಿಯೊಂದಿಗೇ ಹಾರಿಹೋಗುತ್ತದೆ. ಉಕ್ಕಿನ ಕೆಲಸದಲ್ಲಿ ಈ ಖನಿಜದ ಪಾತ್ರ ಸ್ಲ್ಯಾಗನ್ನು ತೆಳುಮಾಡುವುದು: ಸುಣ್ಣ ತಾನಾಗಿ ಕರಗಲು 2,600 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಬೇಕು, ಆದರೆ ಉಕ್ಕು ಇರುವುದು 1,600ರ ಆಸುಪಾಸಿನಲ್ಲಿ, ಫ್ಲೋರ್‌ಸ್ಪಾರ್ ಸೇರಿದಾಗ ಸುಣ್ಣ ಬೇಗ ಸ್ಲ್ಯಾಗ್‌ನಲ್ಲಿ ಬೆರೆತು, ಆ ಸ್ಲ್ಯಾಗ್ ತೆಳುವಾಗಿ ಹರಿದು ಗಂಧಕವನ್ನು ಹೀರಿಕೊಳ್ಳುತ್ತದೆ. ನಿಮ್ಮ ಕುಲುಮೆಯ ಲೈನಿಂಗ್ (ಒಳಗೋಡೆಯ ಪದರ) ಸಿಲಿಕಾದ್ದಾಗಿದ್ದರೆ, ಅಂದರೆ ಮರಳಿನ ಮುಖ್ಯ ವಸ್ತುವಿನದ್ದಾಗಿದ್ದರೆ, ಬೆಲೆಗಿಂತ ಅದರ ಚಿಂತೆ ಮೊದಲು ಮಾಡಿರಿ. ಸ್ಲ್ಯಾಗನ್ನು ಸಡಿಲಿಸುವ ಫ್ಲೋರೈಡ್ ಸಿಲಿಕಾ ಗೋಡೆಯನ್ನೂ ತಿನ್ನುತ್ತದೆ. ಆದ್ದರಿಂದ ಹಾಕುವ ಪ್ರಮಾಣವನ್ನು ಅತ್ಯಲ್ಪಕ್ಕೆ ಇಳಿಸಿ, ಸಾಧ್ಯವಾದರೆ ತುಕ್ಕು ಮತ್ತು ಮರಳು ಅಂಟಿರುವ ಗುಜರಿಯನ್ನು ಶುಚಿಗೊಳಿಸಿಯೇ ಕುಲುಮೆಗೆ ತುಂಬುವುದು ಉತ್ತಮ.

ಉತ್ತರ – ರಾಸಾಯನಿಕ_ವಡೋದರ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಶೇ. 97ರ ಪುಡಿ ಬೇಕಾಗುವುದು ಹೈಡ್ರೋಫ್ಲೋರಿಕ್ ಆಮ್ಲದ ತಯಾರಕರಿಗೆ. ತಿರುಗುವ ಗೂಡಿನಲ್ಲಿ ಗಂಧಕಾಮ್ಲದೊಡನೆ ಇದನ್ನು ಕಾಯಿಸಿದರೆ ಹೈಡ್ರೋಜನ್ ಫ್ಲೋರೈಡ್ ಅನಿಲವಾಗಿ ಹೊರಬರುತ್ತದೆ, ಕ್ಯಾಲ್ಸಿಯಂ ಸಲ್ಫೇಟ್ ಉಳಿಯುತ್ತದೆ. ಒಂದು ಟನ್ ಆಮ್ಲಕ್ಕೆ ಸುಮಾರು 2.2 ಟನ್ ಖನಿಜ ಬೇಕು. ಖನಿಜದಲ್ಲಿ ಸಿಲಿಕಾ ಉಳಿದಿದ್ದರೆ, ಹುಟ್ಟಿದ ಆಮ್ಲವನ್ನೇ ಅದು ಕಬಳಿಸಿ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲವಾಗಿಬಿಡುತ್ತದೆ. ಶುದ್ಧತೆಗೆ ಇಷ್ಟು ಬೆಲೆ ಕಟ್ಟುವುದಕ್ಕೆ ಇದು ಮುಖ್ಯ ಕಾರಣ.

ಆ ಆಮ್ಲದಿಂದ ಫ್ರಿಜ್ಜಿನ ಅನಿಲಗಳು, ಟೆಫ್ಲಾನ್, ಲಿಥಿಯಂ ಬ್ಯಾಟರಿಯ ಲವಣ, ಯುರೇನಿಯಂ ಸಮೃದ್ಧೀಕರಣಕ್ಕೆ ಬೇಕಾದ ಹೆಕ್ಸಾಫ್ಲೋರೈಡ್ ಎಲ್ಲವೂ ಆಗುತ್ತವೆ. ಅಲ್ಯೂಮಿನಿಯಂ ಉದ್ಯಮವಂತೂ ಇದಿಲ್ಲದೆ ನಡೆಯದು. ಸುಮಾರು 2,050 ಡಿಗ್ರಿಯಲ್ಲಿ ಕರಗುವ ಅಲ್ಯೂಮಿನಾವನ್ನು (ಅಲ್ಯೂಮಿನಿಯಂ ಆಕ್ಸೈಡ್) ಕ್ರಯೋಲೈಟ್ ಎಂಬ ಫ್ಲೋರೈಡ್ ಲವಣದ ದ್ರವ ಸುಮಾರು 960 ಡಿಗ್ರಿಯಲ್ಲೇ ಕರಗಿಸಿಕೊಳ್ಳುತ್ತದೆ. ಗ್ರೀನ್‌ಲ್ಯಾಂಡಿನ ಇವಿಟ್ಟೂಟ್‌ನ ನೈಸರ್ಗಿಕ ಕ್ರಯೋಲೈಟ್ ಗಣಿ 1987ರಲ್ಲಿ ಮುಚ್ಚಿತು, ಈಗ ಬಳಕೆಯಲ್ಲಿರುವುದು ಈ ಆಮ್ಲದಿಂದಲೂ ತಯಾರಾಗುವ ಕೃತಕ ಕ್ರಯೋಲೈಟ್.

ಉತ್ತರ – ಬೆಸುಗೆ_ಹುಬ್ಬಳ್ಳಿ

ಒಂದು ಮಾತು ಸೇರಿಸುತ್ತೇನೆ. ಇ-7018 ವೆಲ್ಡಿಂಗ್ ರಾಡಿನ ಲೇಪದಲ್ಲೂ ಸುಣ್ಣಕಲ್ಲಿನೊಡನೆ ಫ್ಲೋರ್‌ಸ್ಪಾರ್ ಇರುತ್ತದೆ. ಬೆಸುಗೆಯಲ್ಲಿ ಹೈಡ್ರೋಜನ್ ಕಡಿಮೆ ಉಳಿಯುವುದರಿಂದ ಬಿರುಕು ಬೀಳುವ ಅಪಾಯ ತಗ್ಗುತ್ತದೆ; ಆದರೆ ಅದರ ಹೊಗೆಯಲ್ಲಿ ಫ್ಲೋರೈಡ್ ಇರುವುದರಿಂದ ಮುಚ್ಚಿದ ಕೋಣೆಯಲ್ಲಿ ಗಾಳಿಯ ವ್ಯವಸ್ಥೆಯಿಲ್ಲದೆ ಕೆಲಸ ಮಾಡಬಾರದು. ನಿಮ್ಮ ಕುಲುಮೆಯ ಸ್ಲ್ಯಾಗನ್ನೂ ಬಾವಿ, ಬೋರ್‌ವೆಲ್‌ಗಳ ಹತ್ತಿರ ಸುರಿಯಬೇಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಮಾತ್ರ, ಪಾವಗಡದಂಥ ಕಡೆ ನೆಲದಡಿಯ ನೀರಿನ ಫ್ಲೋರೈಡಿನಿಂದಲೇ ಜನ ಬಳಲಿದ್ದಾರೆ.